ಗುಡ್ಡಕ್ಕೆ ಕೊಟ್ಟ ನೆಲ

ನಾಗಲಗಿದ್ದದ ಕಡೆಯ ಆ ಊರಿನಲ್ಲಿ ಒಂದು ಕಾಲಕ್ಕೆ ಫರಸಿ ಕಲ್ಲು ಹಾಸಿದ ನೆಲ ಇದ್ದದ್ದು ಎರಡೇ ಮನೆಗೆ. ಒಂದು ಪಟೇಲರ ವಾಡೆ. ಇನ್ನೊಂದು, ಊರು ಮುಗಿದ ಮೇಲೂ ನಾಲ್ಕು ಹೆಜ್ಜೆ ನಡೆದರೆ ದಿನ್ನೆಯ ಬುಡದಲ್ಲಿ ಸಿಗುವ ಲಚ್ಚಮ್ಮನ ಎರಡು ಖೋಲಿಯ ಮನೆ. ವಾಡೆಯ ನೆಲ ನೋಡಲು ಯಾರೂ ಒಳಗೆ ಹೋಗುವಂತಿರಲಿಲ್ಲ. ಲಚ್ಚಮ್ಮನ ನೆಲಕ್ಕೆ ಮಾತ್ರ ಬೇಸಿಗೆಯ ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ಬಂದು ಬೆನ್ನು ಕೊಡುತ್ತಿದ್ದರು. ಹೊರಗೆ ಬಿಸಿಲು ಹಂಚಿನಂತೆ ಕಾದಿರುತ್ತಿತ್ತು. ಒಳಗೆ ಕಾಲಿಟ್ಟರೆ ಅಂಗಾಲಿನಿಂದ ತಂಪು ಏರುತ್ತಿತ್ತು. ಬಂದವರು ಸೆರಗು ಹಾಸಿ ಮಲಗಿ, ಮಲಗಿದಲ್ಲೇ ಮಾತಾಡಿ, ಮಾತಿನ ನಡುವೆಯೇ ನಿದ್ದೆ ಹೋಗುತ್ತಿದ್ದರು.

"ನಿಮ್ಮಪ್ಪ ನಿನಗ ಬಂಗಾರ ಹಾಕಲಿಲ್ಲ ಖರೆ, ಆದ್ರ ನಮಗೆಲ್ಲಾ ನಿದ್ದಿ ಹಾಕ್ಯಾನ ನೋಡು," ಎನ್ನುತ್ತಿದ್ದಳು ಮೇಲಿನ ಓಣಿಯ ತಾರಾಬಾಯಿ.

ಅಪ್ಪ ಅಂದರೆ ಪೋಚಪ್ಪ. ತಾಂಡೂರಿನ ಕಲ್ಲುಗಣಿಯಲ್ಲಿ ಕೂಲಿ. ಅಲ್ಲಿ ಭೂಮಿಯನ್ನು ಅಗೆದರೆ ಕಲ್ಲು ಹೋಳಿಗೆ ಪೇರಿಸಿಟ್ಟಂತೆ ಪದರು ಪದರಾಗಿ ಬರುತ್ತದೆ. ಉಳಿಯಿಟ್ಟು ಎಬ್ಬಿಸಿದರೆ ಒಂದೊಂದೇ ಫರಸಿ ಏಳುತ್ತದೆ. ಎದ್ದ ಕಲ್ಲನ್ನು ಪೋಚಪ್ಪ ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ತಟ್ಟುತ್ತಿದ್ದ, ಕಿವಿ ಕೊಟ್ಟು ಕೇಳುತ್ತಿದ್ದ. ಬುತ್ತಿ ತಂದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳಿಂದಲೂ ತಟ್ಟಿಸುತ್ತಿದ್ದ.

"ಕೇಳವ್ವ, ಏನಂತದ?"

"ಮಾತಾಡ್ಲಿಕತ್ತದಪ್ಪ."

"ಇದು?"

"ಇದು ಸಿಟ್ಟು ಮಾಡ್ಕೊಂಡು ಸುಮ್ಮ ಕುಂತದ."

ಪೋಚಪ್ಪ ನಗುತ್ತಿದ್ದ. ಖಣ್ ಎಂದು ಉಲಿಯುವ ಕಲ್ಲಿನ ಅಡಿಬದಿಗೆ ಉಳಿಯಿಂದ ಒಂದು ಚುಕ್ಕಿ. ದಬ್ ಎನ್ನುವ ಕಲ್ಲಿಗೆ ಎರಡು ಚುಕ್ಕಿ. ಒಳಗೆ ಎಲ್ಲೋ ಕೂದಲಿನಂಥ ಬಿರುಕು ಇದೆ, ಕಣ್ಣಿಗೆ ಕಾಣುವುದಿಲ್ಲ ಎಂದು ಅದರರ್ಥ. "ಸಿಟ್ಟಿನ ಕಲ್ಲಿಗಿ ಭಾರ ಹೊರಸಬಾರ್ದವ್ವ. ನಟ್ಟನಡುವ ಕೈ ಬಿಡ್ತದ," ಎನ್ನುತ್ತಿದ್ದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಬರೆದದ್ದೆಂದರೆ ಆ ಚುಕ್ಕಿಗಳಷ್ಟೇ.

ಮಗಳ ಮದುವೆ ಗೊತ್ತಾದ ಮೇಲೆ ಪೋಚಪ್ಪ ವರ್ಷವಿಡೀ ಮೂಲೆ ಮುಕ್ಕಾದ, ಮಾರಾಟಕ್ಕೆ ಹೋಗದ ಫರಸಿಗಳನ್ನು ಮಾಲೀಕನ ಕೈಕಾಲು ಹಿಡಿದು ಒಂದೊಂದಾಗಿ ಕೂಡಿಸಿದ. ಲಾರಿಯೊಂದರ ಬೆನ್ನಿಗೆ ಏರಿಸಿ, ಜಹೀರಾಬಾದಿನಲ್ಲಿ ಇಳಿಸಿ, ಅಲ್ಲಿಂದ ಎರಡು ಬಂಡಿಯಲ್ಲಿ ಹೇರಿಕೊಂಡು ಬೀಗರ ಊರಿಗೆ ಬಂದ. ಹನ್ನೊಂದು ದಿನ ಇದ್ದು ತಾನೇ ನೆಲ ಹಾಸಿದ. ಅಪ್ಪ ಮಗಳ ಮನೆಯಲ್ಲಿ ಅಷ್ಟು ದಿನ ಉಳಿದದ್ದು ಅದೇ ಮೊದಲು, ಅದೇ ಕೊನೆ. ಬೆಳಗ್ಗೆ ಅವನು ಕಲ್ಲು ಕೂರಿಸುವಾಗ ಹೊಸ ಸೊಸೆ ಲಚ್ಚಮ್ಮ ಒಲೆಯ ಮುಂದಿನಿಂದಲೇ ಸದ್ದು ಕೇಳುತ್ತ, ಇದು ಮಾತಿನ ಕಲ್ಲು, ಇದು ಸಿಟ್ಟಿನ ಕಲ್ಲು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ತವರನ್ನು ಬಿಟ್ಟು ಬಂದ ದುಃಖ ಆ ಹನ್ನೊಂದು ದಿನ ಅವಳ ಹತ್ತಿರ ಸುಳಿಯಲಿಲ್ಲ.

ಅವನು ಊರಿಗೆ ಮರಳಿದ ಮರುವರ್ಷ ತಾಂಡೂರಿನಿಂದ ಸಾವಿನ ಸುದ್ದಿ ಬಂತು. ಆಮೇಲೆ ಲಚ್ಚಮ್ಮನಿಗೆ ಅಪ್ಪನದು ಅಂತ ಉಳಿದದ್ದು ಆ ನೆಲ. ಒಂದು ಫೋಟೊ ಸಹ ಇರಲಿಲ್ಲ.

ಮನೆಯ ಬೆನ್ನಿಗೆ ದಿನ್ನೆ. ಮಾವ ಮನೆ ಕಟ್ಟುವಾಗ ಜಾಗ ಸಾಲದೆ ದಿನ್ನೆಯ ಬುಡವನ್ನೇ ಕಡಿದು ಸಮ ಮಾಡಿದ್ದ. ಹಾಗಾಗಿ ಹಿತ್ತಿಲ ಬಾಗಿಲು ತೆಗೆದರೆ ಎದುರಿಗೆ ಎರಡಾಳೆತ್ತರದ ಕೆಂಪು ಕಡಿತ. ಮೇಲೆ ಗರಸಿನಂಥ ಮುರುಮ, ಅದರಡಿ ಕೈಗೆ ಸಾಬೂನಿನಂತೆ ಜಾರುವ ಶೇಡಿಮಣ್ಣು. ಮೂವತ್ತಕ್ಕೂ ಹೆಚ್ಚು ವರ್ಷ ಅದು ಅಲುಗಲಿಲ್ಲ. ಯಾಕೆ ಅಲುಗಲಿಲ್ಲ ಎಂದು ಯಾರೂ ಕೇಳಿಕೊಳ್ಳಲೂ ಇಲ್ಲ. ದಿನ್ನೆಯ ಮೈತುಂಬ ತಂಗಡಿ ಗಿಡ. ಮಳೆ ಹಿಂದೆ ಸರಿಯುವ ಹೊತ್ತಿಗೆ ಇಡೀ ದಿನ್ನೆ ಅರಿಶಿನ ಹಚ್ಚಿಕೊಂಡು ನಿಲ್ಲುತ್ತಿತ್ತು. ನಡುನಡುವೆ ಗುನುಗು ಹೂವಿನ ಬಿಳಿ ಕುಚ್ಚು. ಗಂಡ ತೀರಿಕೊಂಡ ವರ್ಷವೂ ಲಚ್ಚಮ್ಮ ಹಿತ್ತಿಲ ಹೊಸ್ತಿಲಿನಲ್ಲಿ ಕೂತು ಆ ಹಳದಿಯನ್ನೇ ನೋಡುತ್ತ ದಿನ ಕಳೆದಿದ್ದಳು.

ಆಮೇಲೆ ಪ್ರತ್ಯೇಕ ತೆಲಂಗಾಣ ರಾಜ್ಯದ ಚಳವಳಿ ಬಂತು. ಕಲ್ಹೇರಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಮಗ ಸತೀಶಕುಮಾರ ಹೆಗಲಿಗೆ ಗುಲಾಬಿ ರುಮಾಲು ಹಾಕಿಕೊಂಡು ಸಭೆಗಳಿಗೆ ಓಡಾಡತೊಡಗಿದ. ಎರಡು ಸಾವಿರದ ಹತ್ತರ ದಸರೆಗೆ ನಾರಾಯಣಖೇಡದಲ್ಲಿ ಸುತ್ತಿನ ಊರುಗಳೆಲ್ಲ ಸೇರಿ, ಹೂಗಳ ಗೋಪುರ ಕಟ್ಟಿ ಅದರ ಸುತ್ತ ಹಾಡಿ ಕುಣಿಯುವ ಬತುಕಮ್ಮ ಆಡುವುದೆಂದು ತೀರ್ಮಾನವಾಯಿತು. ಯಾವ ಊರಿನ ಹೂಗೋಪುರ ಎತ್ತರ ಎಂಬುದರ ಮೇಲೆ ಹೆಂಗಸರಲ್ಲಿ ಒಳಗೊಳಗೇ ಪಂತ. ಸಂತೆಯಲ್ಲಿ ಯಾರೋ ನಕ್ಕರಂತೆ, ಗಡಿಯ ಊರಿನವರು ಮನೆಯಲ್ಲಿ ಕನ್ನಡ ಆಡುವವರು, ಅವರಿಗೆ ಬತುಕಮ್ಮ ಏನು ಗೊತ್ತು ಅಂತ.

ಆ ಮಾತು ಲಚ್ಚಮ್ಮನಿಗೆ ಚುಚ್ಚಿತು. "ಕನ್ನಡ ಬಾಯಾಗದ, ಕಾಲು ಇದೇ ಮಣ್ಣಾಗವ. ಬರ್ರೇ ನಮ್ಮ ದಿನ್ನಿಗಿ," ಎಂದು ತಾನೇ ಓಣಿ ಓಣಿ ಕರೆದಳು. "ಖೇಡದವರು ಕತ್ತೆತ್ತಿ ನೋಡ್ಬೇಕು, ಅಷ್ಟು ಹೂ ಅದಾವ."

ಸೋಯಾ ಕೊಯ್ಲಿನ ದಿನ. ಕುಡುಗೋಲುಗಳೆಲ್ಲ ಹೊಲದಲ್ಲಿದ್ದವು. ಹಿಂದಿನ ದಿನವಷ್ಟೇ ಮಳೆ ಬಂದು ನೆಲ ಮೆತ್ತಗಿತ್ತು. ನಲವತ್ತು ಹೆಂಗಸರು ಬರಿಗೈಯಲ್ಲಿ ಹತ್ತಿದರು, ಎಳೆದರೆ ಗಿಡ ಬುಡಸಮೇತ ಬಂತು. ಉದ್ದ ಕಾಂಡ ಸಿಕ್ಕಿದರೆ ಗೋಪುರಕ್ಕೆ ಒಳ್ಳೆಯದು. ದಪ್ಪ ಗಿಡಕ್ಕೆ ಇಬ್ಬರು ಜೋತುಬಿದ್ದು ಜಗ್ಗಿದರು. ಹೂ ಬಿಡಿಸಿಕೊಂಡ ಮೇಲೆ ಬೇರು ಒಲೆಗೆ. ಲಚ್ಚಮ್ಮನೇ ಮುಂದೆ ನಿಂತು ಹಾಡು ಹೇಳುತ್ತ ಕಿತ್ತಳು. ಸಂಜೆ ನಾರಾಯಣಖೇಡದಲ್ಲಿ ಅವರ ಬತುಕಮ್ಮ ಆಳಿಗಿಂತ ಎತ್ತರ ನಿಂತಿತು. ಜನ ಕತ್ತೆತ್ತಿ ನೋಡಿದರು. ಚಪ್ಪಾಳೆ ತಟ್ಟುತ್ತ ಸುತ್ತು ಹಾಕುವಾಗ ಲಚ್ಚಮ್ಮನಿಗೆ ವಯಸ್ಸು ಮರೆತುಹೋಗಿತ್ತು. ತನ್ನ ಬದುಕಿನಲ್ಲಿ ಅಂಥ ಸಂಜೆ ಮತ್ತೊಂದಿಲ್ಲ ಎಂದು ಈಗಲೂ ಹೇಳುತ್ತಾಳೆ.

ಮರುವರ್ಷದ ಶ್ರಾವಣದಲ್ಲಿ ದಿನ್ನೆ ಜಾರಿತು.

ಮೂರು ದಿನ ಜಿಟಿಜಿಟಿ ಹಿಡಿದಿತ್ತು. ಮಧ್ಯಾಹ್ನ ಎಮ್ಮೆ ಮೇಯಲು ಹೋಗಿದ್ದ ಹೊತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಚೀಲದಿಂದ ಜೋಳ ಸುರಿದಂತೆ ಸರ್ರನೆ ಒಂದು ಸಪ್ಪಳ. ಹಿತ್ತಿಲ ಬಾಗಿಲು ತೆಗೆದರೆ ಕೊಟ್ಟಿಗೆ ಇರಲಿಲ್ಲ, ಕೆಂಪು ಮಣ್ಣಿನ ರಾಶಿ ಇತ್ತು. ರಾಶಿಯ ತುದಿ ಅಡುಗೆಮನೆಯ ಗೋಡೆಗೆ ಒಂದು ಮಾರು ದೂರದಲ್ಲಿ ನಿಂತಿತ್ತು. ಮೇಲೆ, ಗಿಡವಿಲ್ಲದ ಮೈಯಲ್ಲಿ, ಉದ್ದಕ್ಕೆ ಕೈ ತೂರುವಷ್ಟು ಅಗಲದ ಬಿರುಕು ಬಾಯಿ ತೆರೆದಿತ್ತು. ಇನ್ನೊಂದು ದೊಡ್ಡ ಮಳೆಗೆ ಅದೂ ಬರುವುದು ಖಂಡಿತ. ಬಂದರೆ ಮನೆಯ ಮೇಲೆಯೇ.

ಸೊಸೆ ಶಿಲ್ಪಾರಾಣಿ ಜಹೀರಾಬಾದಿನವಳು, ವ್ಯವಹಾರದ ಹುಡುಗಿ. "ಅತ್ತಿ, ಖೇಡದಾಗ ಬಾಡಿಗಿ ಮನಿ ನೋಡಾರಿ. ಮನಿ ಹೋದ್ರ ಕಟ್ಟಬಹುದು," ಎಂದಳು. ಅಪ್ಪ ಹಾಸಿದ ನೆಲ ಬಿಟ್ಟು ಬರುವುದಿಲ್ಲ ಎಂದಳು ಲಚ್ಚಮ್ಮ. ಸತೀಶ ಕಬ್ಬಿಣ, ಸಿಮೆಂಟು ಹಾಕಿ ಎತ್ತರದ ಗೋಡೆ ಕಟ್ಟಿಸುವ ಯೋಚನೆ ಮಾಡಿದ. ತಾಂಡೂರಿನಿಂದ ಕಲ್ಲು ತರಿಸಲು ಲಾರಿಯವನೊಂದಿಗೆ ಮಾತೂ ಆಯಿತು. ಅಷ್ಟರಲ್ಲಿ ಸೆಪ್ಟೆಂಬರಿನ ನಡುವೆ ಸಕಲ ಜನರ ಮುಷ್ಕರ ಶುರುವಾಯಿತು. ಬಸ್ಸು ನಿಂತವು, ಶಾಲೆಗೆ ಬೀಗ ಬಿತ್ತು, ಹೆದ್ದಾರಿಯ ಮೇಲೆ ಒಲೆ ಹೂಡಿ ಜನ ಅಡುಗೆ ಮಾಡಿ ಉಂಡರು. ಲಾರಿ ತಾಂಡೂರು ಬಿಡಲಿಲ್ಲ. ಮುಷ್ಕರ ಮಾಡುತ್ತಿದ್ದವರಲ್ಲಿ ಸತೀಶನೂ ಒಬ್ಬ. ತಾನೇ ನಿಲ್ಲಿಸಿದ ದಾರಿಯಲ್ಲಿ ತನ್ನ ಮನೆಯ ಕಲ್ಲು ಬರಲಾರದೆ ನಿಂತದ್ದನ್ನು ಅವನು ಯಾರೆದುರೂ ಎತ್ತಲಿಲ್ಲ.

"ಮುಷ್ಕರ ಮುಗೀಲಿ ಅವ್ವ. ಹತ್ತು ದಿನದಾಗ ತೆಲಂಗಾಣ ಬರ್ತದ," ಎಂದ.

"ತೆಲಂಗಾಣ ಬರೂದು ದಿಲ್ಲಿಯವರ ಕೈಯಾಗದ. ಮಳಿ ಯಾರ ಕೈಯಾಗದ?" ಎಂದಳು ಲಚ್ಚಮ್ಮ.

ಹಾಗೆ ಹೇಳಿ ಅವಳು ದಿನ್ನೆ ಹತ್ತಿದಳು. ಕಳೆದ ವರ್ಷ ತಾನು ಹಾಡು ಹೇಳುತ್ತ ನಿಂತಿದ್ದ ಜಾಗದಲ್ಲಿ ಈಗ ಬರಿಯ ಕೆಂಪು. ಅಲ್ಲಲ್ಲಿ ಬೇರು ಕಿತ್ತ ಕುಳಿಗಳು, ಹಲ್ಲು ಉದುರಿದ ಒಸಡಿನಂತೆ. ಅವುಗಳಲ್ಲಿ ನೀರು ನಿಂತಿತ್ತು. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದಳು. ಹಿಂದೆಯೇ ಏದುಸಿರು ಬಿಡುತ್ತ ತಾರಾಬಾಯಿ ಬಂದಳು.

"ಏನ್ ಲಚ್ಚವ್ವ, ದಿನ್ನಿ ಸಂಗಾಟ ಜಗಳ ಮಾಡ್ಲಿಕತ್ತಿ?"

"ದಿನ್ನಿದೇನು ತಪ್ಪದ ಯಕ್ಕಾ. ಹಿಡಕೊಂಡ ಕೈ ನಾನೇ ಬಿಡಿಸೀನಿ."

ತಾರಾಬಾಯಿ ಪಕ್ಕದಲ್ಲಿ ಕೂತಳು. "ನಾನೂ ಎರಡು ಗಿಡ ಜಗ್ಗೀನಲ್ಲ," ಎಂದಳು. "ಒಂದು ನಿನ್ನ ಸಂಗಾಟ ಜೋತು ಬಿದ್ದು."

ಆ ಸಂಜೆ ಲಚ್ಚಮ್ಮ ಕೆಳಗಿಳಿದು ಬಂದು ಮನೆಯ ನಡುವೆ ಬರಿಗಾಲಿನಲ್ಲಿ ನಿಂತಳು. ಅಂಗಾಲಿಗೆ ತಂಪು ಏರಿತು. ತಾಂಡೂರಿನ ಗಣಿಯ ಅಂಚು ನೆನಪಾಯಿತು. ಅಲ್ಲಿ ಮಣ್ಣಿನ ರಾಶಿ ಜಾರಿ ಗುಂಡಿಗೆ ಬೀಳದಂತೆ ಅಪ್ಪ ಮತ್ತು ಅವನ ಜೊತೆಯವರು ಒಡಕು ಫರಸಿಗಳನ್ನು ಪೇರಿಸಿ ಗೋಡೆ ಕಟ್ಟುತ್ತಿದ್ದರು. ಸಿಮೆಂಟಿಲ್ಲ, ಸುಣ್ಣವಿಲ್ಲ. ಗಚ್ಚು ಹಾಕುವುದಿಲ್ಲವೇಕೆ ಎಂದು ಕೇಳಿದರೆ ಅಪ್ಪ ಹೇಳಿದ್ದ: "ನೀರಿಗಿ ದಾರಿ ಬಿಟ್ರ ಅದರ ಪಾಡಿಗಿ ಅದು ಹೋಗ್ತದ. ಬಾಗಿಲು ಹಾಕಿದಿ ಅಂದ್ರ ಒದ್ದು ಬರ್ತದ."

ಮರುದಿನ ಬೆಳಗ್ಗೆ ಸತೀಶ ಎದ್ದಾಗ ಅವ್ವ ಹಾರೆ ಹಿಡಿದು ಪಡಸಾಲೆಯ ಮೊದಲ ಫರಸಿಯನ್ನು ಎಬ್ಬಿಸುತ್ತಿದ್ದಳು.

"ಅವ್ವ, ಇದೇನ್ ಮಾಡ್ಲಿಕತ್ತಿ? ಇದು ಮುತ್ಯಾ ಹಾಕಿದ ನೆಲ."

"ಗೊತ್ತದ."

"ಈ ನೆಲದ ಸಲುವಾಗೇ ಮನಿ ಬಿಟ್ಟು ಬರಲ್ಲ ಅಂದಿ ನೀನು. ಈಗ ಅದನ್ನೇ ಕೀಳ್ತಿ?"

ಲಚ್ಚಮ್ಮ ಹಾರೆಯ ಮೇಲೆ ಕೈಯೂರಿ ನಿಂತಳು. "ಗುಡ್ಡ ಬಂದು ಮ್ಯಾಲೆ ಬಿದ್ರ ನೆಲಾನೂ ಅದರ ಅಡ್ಯಾಗೇ ಇರ್ತದಪ್ಪ, ಯಾರ ಕಾಲಿಗೂ ಸಿಗಲ್ಲ. ನಿಮ್ಮ ಮುತ್ಯಾ ಕಲ್ಲು ಕೊಟ್ಟಾನ. ಹಾಸಬೇಕೋ ನಿಂದ್ರಿಸಬೇಕೋ ಅನ್ನೂದು ನನಗ ಬಿಟ್ಟಾನ. ಹಿಡಿ, ಆ ಕಡಿ ಎತ್ತು."

ಅವನು ಹಿಡಿದ. ಕಲ್ಲು ಮಗುಚಿತು. ಅಡಿಬದಿಯಲ್ಲಿ, ಮೂವತ್ತನಾಲ್ಕು ವರ್ಷ ಯಾರೂ ನೋಡದ ಜಾಗದಲ್ಲಿ, ಒಂದು ಚುಕ್ಕಿ. ಮೊನ್ನೆ ಉಳಿ ಇಟ್ಟಂತೆ ಸ್ಪಷ್ಟವಾಗಿತ್ತು. ಲಚ್ಚಮ್ಮ ಅದರ ಮೇಲೆ ಹೆಬ್ಬೆರಳಿಟ್ಟಳು. ಚುಕ್ಕಿಗಳಿವೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಎರಡನೆಯದಕ್ಕೂ ಒಂದು. ಮೂರನೆಯದಕ್ಕೂ. ನಡೆದಾಡುವ ಜಾಗದಲ್ಲೆಲ್ಲ ಒಂದು ಚುಕ್ಕಿಯವೇ. ಎರಡು ಚುಕ್ಕಿಯವು ಸಿಕ್ಕಿದ್ದು ಮೂಲೆಗಳಲ್ಲಿ, ಗೋಡೆಯ ಬದಿಗೆ, ಯಾರೂ ಕಾಲಿಡದ ಕಡೆ. ಅಪ್ಪ ಮಗಳ ಕಾಲಡಿಗೆ ಒಂದೂ ಸಿಟ್ಟಿನ ಕಲ್ಲು ಬಾರದಂತೆ ಹಾಸಿದ್ದ. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಹಾರೆಯನ್ನು ಮುಂದಿನ ಕಲ್ಲಿನಡಿಗೆ ತೂರಿಸಿದಳು.

ಮೊದಲು ಬುಡದ ಸಡಿಲ ಮಣ್ಣನ್ನು ಗಟ್ಟಿ ನೆಲ ಸಿಗುವ ತನಕ ತೆಗೆಯಬೇಕಿತ್ತು. ಮೇಲಿನ ಬಿರುಕಿಗೆ ಮಣ್ಣು ತುಂಬಿ ದಮ್ಮಸು ಬಡಿದು ಗಟ್ಟಿ ಮಾಡಬೇಕಿತ್ತು. ಕಡಿತದ ಮೇಲಿನ ಅಂಚನ್ನು ಕೆಡವಿ ಇಳಿಜಾರು ಮಾಡಬೇಕಿತ್ತು. ಸತೀಶ ಮುಷ್ಕರದ ಡೇರೆಗೆ ಹೋಗಿ ನಾಲ್ವರು ಮಾಸ್ತರರನ್ನು ಕರೆತಂದ. ಹೇಗೂ ಕೂತೇ ಇದ್ದರು. ಇಸ್ತ್ರಿ ಅಂಗಿಯಲ್ಲಿ ಬಂದು ಬುಟ್ಟಿ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಅಂಗೈ ತುಂಬ ಬೊಬ್ಬೆ.

"ಮಾಸ್ತರರೇ, ಇದು ಹಾಜರಿ ಪುಸ್ತಕ ಅಲ್ರಿ, ಎರಡೂ ಕೈಲೆ ಹಿಡೀರಿ," ಎಂದು ತಾರಾಬಾಯಿ ನಗಿಸುತ್ತಿದ್ದಳು. "ನಾಳಿ ಸಾಲಿ ತೆರದ್ರ ಬೋರ್ಡಿಗಿ ಬರಿಯೋ ಖಡು ಹಿಡಿಯಾಕ ಬರ್ತದೋ ಇಲ್ಲೋ."

"ಬಾರದಿದ್ರ ಇನ್ನೂ ಹತ್ತು ದಿನ ಮುಷ್ಕರ ಮಾಡ್ತೀವ್ರಿ ಬಾಯಿ," ಎಂದ ಒಬ್ಬ.

ಗೋಡೆ ಕಟ್ಟುವ ಕೆಲಸವನ್ನು ಮಾತ್ರ ಲಚ್ಚಮ್ಮ ಯಾರಿಗೂ ಬಿಡಲಿಲ್ಲ. ಬಿದ್ದ ಕೊಟ್ಟಿಗೆಯ ಕಲ್ಲು, ಹೊಲದ ಬದುವಿನ ಕಲ್ಲು, ನಡುವೆ ಫರಸಿ. ಗೋಡೆ ನೆಟ್ಟಗೆ ನಿಲ್ಲದೆ ದಿನ್ನೆಗೆ ತುಸು ಒರಗಿದಂತೆ ಇರಬೇಕು. ಸಂದಿನ ಮೇಲೆ ಸಂದು ಬರಬಾರದು. ಪ್ರತಿ ಮೂರು ಸಾಲಿಗೊಮ್ಮೆ ಒಂದಿಷ್ಟು ಉದ್ದ ಫರಸಿಗಳನ್ನು ದಿನ್ನೆಯ ಹೊಟ್ಟೆಯೊಳಗೆ ಮೊಳದಷ್ಟು ತೂರಿಸಿ ಇಡಬೇಕು, ಗೋಡೆ ಗುಡ್ಡದ ಕೈ ಹಿಡಿದಂತೆ. ಅವು ಭಾರ ಹೊರುವ ಕಲ್ಲುಗಳು. ಅವಕ್ಕೆ ಒಂದು ಚುಕ್ಕಿಯವನ್ನೇ ಆರಿಸಿದಳು. ಎರಡು ಚುಕ್ಕಿಯವನ್ನು ಒಡೆದು ಗೋಡೆಯ ಹಿಂದೆ ಜಲ್ಲಿಯಾಗಿ ಸುರಿದಳು, ನೀರು ಇಳಿದು ಹೋಗಲಿ ಎಂದು. ಅನುಮಾನ ಬಂದರೆ ತಟ್ಟಿ ನೋಡಿ ಕೇಳುತ್ತಿದ್ದಳು. ಸದ್ದನ್ನು ಕಿವಿ ಮರೆತಿರಲಿಲ್ಲ.

ಸತೀಶನಿಗೆ ಸಂದುಗಳನ್ನು ಕಂಡರೆ ಆಗುತ್ತಿರಲಿಲ್ಲ. "ಒಂದು ಚೀಲ ಸಿಮೆಂಟು ಅಂಗಡ್ಯಾಗ ಉಳದದಂತ ಅವ್ವ. ಮುಂದಿನ ಮಾರಿಗರೇ ಮೆತ್ತೋಣು. ಹಲ್ಲು ಕಿಸಿದಂಗ ಕಾಣ್ತದ."

"ನಗಲಿ ಬಿಡು. ನಕ್ಕೋರು ಬದುಕ್ತಾರ."

ಒಂಬತ್ತು ದಿನವಾಯಿತು. ಊರಲ್ಲಿ ಆ ವರ್ಷದ ಬತುಕಮ್ಮ ಮುಗಿಯುವ ಹೊತ್ತು. ಲಚ್ಚಮ್ಮ ಈ ಸಲ ಆಡಲು ಹೋಗಲಿಲ್ಲ. ಗೋಡೆ ಸೊಂಟದೆತ್ತರಕ್ಕೆ ಬಂದಿತ್ತು. ಮನೆಯೊಳಗೆ ಒಂದು ಫರಸಿಯೂ ಉಳಿದಿರಲಿಲ್ಲ. ಶಿಲ್ಪಾ ಹಸಿ ಮಣ್ಣಿನ ನೆಲವನ್ನು ಬಡಿದು ಸಮ ಮಾಡಿ ಸೆಗಣಿ ಸಾರಿಸಿದಳು. ಅತ್ತೆ ಒಳಗೆ ಕಾಲಿಡುವಾಗಲೆಲ್ಲ ಒಂದು ಕ್ಷಣ ತಡೆದು ನಿಲ್ಲುವುದನ್ನು ಅವಳು ಗಮನಿಸಿದ್ದಳು. "ಅತ್ತಿ, ಚಪ್ಪಲಿ ಹಾಕ್ಕೊಂಡೇ ಬರ್ರಿ ಬೇಕಾದ್ರ," ಎಂದಳು ಮೆಲ್ಲಗೆ. ಆ ಮನೆಯಲ್ಲಿ ಯಾರೂ ಹೇಳದ ಮಾತು ಅದು. ಲಚ್ಚಮ್ಮ ಸೊಸೆಯ ತಲೆ ಸವರಿ ಮುಂದೆ ಹೋದಳು.

ಹತ್ತನೆಯ ದಿನ ಮಧ್ಯಾಹ್ನ ಮಳೆ ಬಂತು. ಬೀದರಿನ ಕಡೆಯಿಂದ ಕಪ್ಪಾಗಿ ಎದ್ದು, ಎರಡು ತಾಸು ಹಿಡಿದು ಬಾರಿಸಿತು. ಸತೀಶ ಟ್ರಂಕು, ಪುಸ್ತಕ, ಬುದ್ಧನ ಪಟ ಎಲ್ಲವನ್ನೂ ಎತ್ತಿ ತಾರಾಬಾಯಿಯ ಮನೆಗೆ ಸಾಗಿಸಿದ. ಬಾ ಎಂದರೆ ಲಚ್ಚಮ್ಮ ಬರಲಿಲ್ಲ. ಹಿತ್ತಿಲ ಬಾಗಿಲಲ್ಲಿ ತಲೆಯ ಮೇಲೆ ಗೋಣಿಚೀಲ ಹೊದ್ದು ನಿಂತಿದ್ದಳು. ಕೊನೆಗೆ ಅವನೂ ಬಂದು ಪಕ್ಕದಲ್ಲಿ ನಿಂತ.

ಮೇಲೆ ದಿನ್ನೆಯ ಮೈ ಕೆಂಪು ನೀರಾಗಿ ಇಳಿಯುತ್ತಿತ್ತು. ಒಂದು ಬುಟ್ಟಿಯಷ್ಟು ಮಣ್ಣು ಕುಸಿದು ಗೋಡೆಯ ಹಿಂದೆ ಬಿತ್ತು. ಮತ್ತೊಂದು. ಗೋಡೆಯ ನಡುವೆ ಎಲ್ಲೋ ಕಲ್ಲು ಕಲ್ಲಿಗೆ ಒರಗಿದ ಟಕ್ ಎಂಬ ಸದ್ದು. ಸತೀಶ ಅವ್ವನ ತೋಳು ಹಿಡಿದ.

"ಬಾ ಅವ್ವ, ಹೋಗಮಿ."

"ತಡಿ. ಕಲ್ಲು ತನ್ನ ಜಾಗದಾಗ ಕೂಡ್ಲಿಕತ್ತದ."

ಆಮೇಲೆ ಒಂದು ಸಂದಿನಿಂದ ನೂಲಿನಂಥ ನೀರು ಬಂತು. ಇನ್ನೊಂದರಿಂದ. ನೋಡುತ್ತಿದ್ದಂತೆ ಗೋಡೆಯ ಉದ್ದಕ್ಕೂ ಹತ್ತಾರು ಕಡೆ ಕೆಂಪು ನೀರು ಜಿನುಗಿ, ಬುಡದಲ್ಲಿ ತೋಡಿದ್ದ ಕಾಲುವೆ ಸೇರಿ, ಮನೆಯನ್ನು ಬಳಸಿಕೊಂಡು ಹೊಲದ ಕಡೆ ಹರಿಯಿತು. ಬರಬರುತ್ತ ಕೆಂಪು ತಿಳಿಯಾಯಿತು. ಮಳೆ ನಿಂತ ಮೇಲೂ ಬಹಳ ಹೊತ್ತು ಗೋಡೆ ಬೆವರುತ್ತಲೇ ಇತ್ತು. ಒಂದು ಕಲ್ಲೂ ಜಾಗ ಬಿಟ್ಟಿರಲಿಲ್ಲ.

ಸತೀಶ ಹೋಗಿ ಸಂದಿನ ನೀರಿಗೆ ಬೆರಳು ಒಡ್ಡಿದ. ಸಿಮೆಂಟಿನ ಮಾತು ಆಮೇಲೆ ಎತ್ತಲಿಲ್ಲ.

ಆ ಚಳಿಗಾಲವಿಡೀ ಲಚ್ಚಮ್ಮ ಹೊಲದ ದಾರಿ, ಕೆರೆಯ ದಂಡೆ ಸುತ್ತಿ ಒಣಗಿದ ತಂಗಡಿ ಕಾಯಿ ಕೂಡಿಸಿದಳು. ಮುಂದಿನ ಮುಂಗಾರಿಗೆ ಗೋಡೆಯ ಮೇಲಿನ ಇಳಿಜಾರಿನಲ್ಲಿ ಗೇಣಿಗೊಂದು ಬೀಜ ಊರಿದಳು. ಅಂಚಿನಲ್ಲಿ ಮಳೆನೀರನ್ನು ಬದಿಗೆ ತಿರುಗಿಸುವ ಸಣ್ಣ ಕಾಲುವೆ ತೋಡಿದಳು. ಅರ್ಧಕ್ಕರ್ಧ ಬೀಜವನ್ನು ಕೌಜುಗ ಹಕ್ಕಿಗಳು ತಿಂದವು. ಮತ್ತೆ ಊರಿದಳು. ತಾರಾಬಾಯಿ ಬಂದು ಊರಿದ್ದು ಎರಡು ಬೊಗಸೆ. "ಎರಡು ಗಿಡ ಕಿತ್ತಿದ್ದೆ, ಎರಡು ಬೊಗಸಿ ಹಾಕೀನಿ. ಇನ್ನ ಮ್ಯಾಲ ನನ್ನ ಹೆಸರು ತಗೀಬ್ಯಾಡ," ಎಂದಳು.

ಎರಡು ಸಾವಿರದ ಹದಿನಾಲ್ಕರಲ್ಲಿ ರಾಜ್ಯ ಬಂತು. ಆ ವರ್ಷದ ಬತುಕಮ್ಮ ಹಬ್ಬಕ್ಕೆ ದಿನ್ನೆ ಮತ್ತೆ ಹಳದಿಯಾಗಿತ್ತು. ಹೆಂಗಸರು ಹಾಡು ಹೇಳುತ್ತ ಬಂದರು. ಗೋಡೆಯ ಪಕ್ಕದಲ್ಲಿ ಲಚ್ಚಮ್ಮ ನಿಂತಿದ್ದಳು, ಕಾಲಬುಡದಲ್ಲಿ ಒಂದು ಬುಟ್ಟಿ ಕುಡುಗೋಲು. ಊರಿನ ಮನೆ ಮನೆಗೆ ಹೋಗಿ ಮೂರು ದಿನ ಮೊದಲೇ ಕೇಳಿ ತಂದಿದ್ದಳು.

"ಮೊಳಕಾಲಿಗಿಂತ ಮ್ಯಾಲ ಕೊಯ್ರಿ. ಬುಡ ಮುಟ್ಟಿದಿರಿ ಅಂದ್ರ ನಾನೇ ನಿಮ್ಮನ್ನ ಗೋಡ್ಯಾಗ ಇಡ್ತೀನಿ."

"ಒಂದು ಚುಕ್ಕಿಯಾಕಿನೋ ಎರಡು ಚುಕ್ಕಿಯಾಕಿನೋ ನೋಡಿ ಇಡು ಮತ್ತ," ಎಂದಳು ತಾರಾಬಾಯಿ. ಚುಕ್ಕಿಯ ಸಂಗತಿ ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಯಾರು ಹೇಳಿದರೋ.

ಅದರ ಮುಂದಿನ ಬೇಸಿಗೆಯಲ್ಲಿ ಸತೀಶ ಮನೆಗೆ ಹೊಸ ಫರಸಿ ತರಿಸುತ್ತೇನೆಂದ. ದಾರಿ ಈಗ ಸಲೀಸು, ಫೋನು ಮಾಡಿದರೆ ತಾಂಡೂರಿನ ಲಾರಿ ಬಾಗಿಲಿಗೆ ಬರುತ್ತದೆ. "ತರಸು," ಎಂದಳು ಲಚ್ಚಮ್ಮ, "ಶಿಲ್ಪಾಗ ಸೆಗಣಿ ಸಾರಿಸೂದು ತಪ್ತದ." ಅರೆದು ಹೊಳಪು ಕೊಟ್ಟ ನೀಲಿ ಕಲ್ಲು ಬಂತು. ಮುಖ ಕಾಣುವಷ್ಟು ನುಣುಪು. ಚೆನ್ನಾಗಿದೆ ಎಂದು ಎಲ್ಲರೂ ಅಂದರು, ಅವಳೂ ಅಂದಳು.

ಆದರೆ ಮಧ್ಯಾಹ್ನ ಉಂಡು, ಪಾತ್ರೆ ಬದಿಗಿಟ್ಟು, ಅವಳು ಹಿತ್ತಿಲ ಬಾಗಿಲು ತೆರೆದು ಹೊರಗೆ ಹೋಗುತ್ತಾಳೆ. ಮೇಲಿನಿಂದ ತಂಗಡಿಯ ನೆರಳು ಗೋಡೆಯ ಮೇಲೆ ಬಾಗಿರುತ್ತದೆ. ಅಲ್ಲಿ ನೆಲಕ್ಕೆ ಕೂತು, ರವಿಕೆಯ ಬೆನ್ನನ್ನು ಒರಟು ಫರಸಿಗಳಿಗೆ ಕೊಟ್ಟು ಕಣ್ಣು ಮುಚ್ಚುತ್ತಾಳೆ. ತಂಪು ಬೆನ್ನಿನಿಂದ ಏರುತ್ತದೆ. ಸ್ವಲ್ಪ ಹೊತ್ತಿಗೆ ಮೇಲಿನ ಓಣಿಯಿಂದ ತಾರಾಬಾಯಿ ಬಂದು, "ಸರಿ ಆ ಕಡಿ," ಎಂದು ಪಕ್ಕದಲ್ಲಿ ಒರಗುತ್ತಾಳೆ. ಏನೋ ಹೇಳತೊಡಗುತ್ತಾಳೆ. ಆ ಮಾತು ಮುಗಿಯುವ ಮೊದಲೇ ಇಬ್ಬರಿಗೂ ನಿದ್ದೆ.